ಅರ್ಧಕ್ಕೆ ನಿಂತ ಆಟಗಳು



ಈ ತಿಂಗಳ ವಿಷಯವನ್ನು ಕಂಡು ನಮ್ಮ ಓದುಗರಲ್ಲಿ ಕೆಲವರಿಗೆ ಅಚ್ಚರಿಯಾಗಬಹುದು. ಅಷ್ಟಾವರಣ, ಪಂಚಾಚಾರ, ಷಟ್‌ಸ್ಥಲಗಳ ವಿವೇಚನೆಗೆ ಮೀಸಲಾದ ಈ ಪುಟದಲ್ಲಿ ವಿಡಿಯೋ ಗೇಮುಗಳ ಪ್ರಸ್ತಾಪವೇಕೆ ಎಂದು ಹಿರಿಯರು ಕೇಳಲೂಬಹುದು. ಆರು ತಿಂಗಳ ಹಿಂದೆ ಯಾರಾದರೂ ನನ್ನನ್ನು ಈ ವಿಷಯವಾಗಿ ಬರೆಯಿರೆಂದು ಕೇಳಿದ್ದರೆ ನಾನೂ ಇದೇ ಪ್ರಶ್ನೆಯನ್ನು ಹಾಕುತ್ತಿದ್ದೆ. ಆದರೆ ಇಂದು ನಮ್ಮ ಮನೆಗಳಲ್ಲಿ ನಡೆಯುತ್ತಿರುವುದನ್ನು ನೋಡಿಯೂ ನೋಡದಂತಿರುವುದು ಸರಿಯಲ್ಲ. ಅದಲ್ಲದೆ, ಈ ಆಟಗಳ ನೆವದಿಂದ ನನ್ನದೇ ಒಂದು ಹಳೆಯ ತಪ್ಪು ನನಗೆ ಕಾಣಿಸಿತು. ಅದನ್ನು ಮುಚ್ಚಿಡದೆ ನಿವೇದಿಸಿಕೊಳ್ಳುವುದೇ ಈ ಲೇಖನದ ಉದ್ದೇಶ.

ಕಳೆದ ಬಸವ ಜಯಂತಿಯ ಉತ್ಸವಕ್ಕೆಂದು ಬೆಂಗಳೂರಿಗೆ ಹೋದವನು ತಮ್ಮನ ಮನೆಯಲ್ಲಿ ನಾಲ್ಕು ದಿನ ಉಳಿದಿದ್ದೆ. ತಮ್ಮನ ಮಗನಿಗೆ ಈಗ ಮೂವತ್ತಾರರ ಪ್ರಾಯ. ಸಾಫ್ಟ್‌ವೇರ್ ಉದ್ಯೋಗಿ, ಎಂಟು ವರ್ಷದ ಹೆಣ್ಣುಮಗುವಿನ ತಂದೆ. ದುಡಿಮೆಯಲ್ಲಿ ಪ್ರಾಮಾಣಿಕ, ದುಶ್ಚಟಗಳಿಲ್ಲ, ನಿತ್ಯ ಲಿಂಗಪೂಜೆಯನ್ನು ತಪ್ಪಿಸುವವನಲ್ಲ. ಎರಡನೆಯ ದಿನ ಪ್ರಸಾದವಾದ ಮೇಲೆ ಅವನ ತಾಯಿ ನನ್ನ ಬಳಿ ಬಂದು, "ಭಾವನವರೇ, ನೀವಾದರೂ ಅವನಿಗೆ ಒಂದು ಮಾತು ಹೇಳಿರಿ. ಈ ವಯಸ್ಸಿನಲ್ಲೂ ಆಟದ ಹುಚ್ಚು ಬಿಟ್ಟಿಲ್ಲ. ರಾತ್ರಿಯಾದರೆ ಆ ಯಂತ್ರದ ಮುಂದೆ ಕೂರುತ್ತಾನೆ" ಎಂದು ನೊಂದು ನುಡಿದರು. ಮನೆಯ ಹಿರಿಯನೆಂಬ ಹಕ್ಕಿನಿಂದ ನಾಲ್ಕು ಬುದ್ಧಿಮಾತು ಹೇಳುವುದೆಂದು ನಿಶ್ಚಯಿಸಿ ನಾನು ಅವನ ಕೋಣೆಗೆ ಹೋದೆ.

ಅಲ್ಲಿ ನಾನು ಕಂಡದ್ದೇ ಬೇರೆ. ಹುಡುಗ ಆಡುತ್ತಿರಲಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಉದ್ದನೆಯದೊಂದು ಕೋಷ್ಟಕವಿತ್ತು. ಅದರಲ್ಲಿ ಸಾಲು ಸಾಲಾಗಿ ಹೆಸರುಗಳು, ಎದುರಿಗೆ ತಾರೀಖುಗಳು, ಗಂಟೆಗಳ ಲೆಕ್ಕ, ಷರಾ. ಇದೇನೆಂದು ಕೇಳಿದೆ. ಸ್ವಲ್ಪ ಸಂಕೋಚದಿಂದ, "ದೊಡ್ಡಪ್ಪ, ಇವು ನಾನು ಹಣ ಕೊಟ್ಟು ಕೊಂಡು ಮುಗಿಸದೆ ಉಳಿಸಿದ ಆಟಗಳು. ಎಷ್ಟಿವೆ ಎಂಬುದೇ ಮರೆತುಹೋಗಿತ್ತು. ಅದಕ್ಕೇ ಪಟ್ಟಿ ಮಾಡುತ್ತಿದ್ದೇನೆ" ಎಂದ. ಒಟ್ಟು 186 ಆಟಗಳು. ಅವುಗಳಲ್ಲಿ ಮುಗಿಸಿದವು 31, ಅರ್ಧಕ್ಕೆ ಬಿಟ್ಟವು 44, ಒಮ್ಮೆಯೂ ತೆರೆದು ನೋಡದವು 111. ಬೈಯಲೆಂದು ಹೋದ ನಾನು ಅವನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕುಳಿತೆ. ಪಟ್ಟಿ ಮಾಡುವವರನ್ನು ಕಂಡರೆ ಮೊದಲಿನಿಂದಲೂ ನನಗೆ ಸಲಿಗೆ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಆಟವನ್ನು ಮುಗಿಸದೆ ಉಳಿಸುವುದೆಂದರೇನು ಎಂಬುದೇ ನಮ್ಮ ತಲೆಮಾರಿನವರಿಗೆ ಅರ್ಥವಾಗುವುದು ಕಷ್ಟ. ನಾವು ಆಡಿದ ಚೌಕಾಬಾರ, ಅಳಗುಳಿಮಣೆ, ಹುಲಿಕುರಿಯಾಟಗಳು ಒಂದೇ ಕೂಟದಲ್ಲಿ ಮುಗಿಯುತ್ತಿದ್ದವು. ಗೆದ್ದವರು ಗೆದ್ದರು, ಸೋತವರು ಸೋತರು, ದೀಪ ಹಚ್ಚುವ ಹೊತ್ತಿಗೆ ಮಣೆ ಗೂಡು ಸೇರಿತು, ಅಷ್ಟೇ. ವಿದ್ಯುದ್ಯಂತ್ರದ ಆಟಗಳೂ ಆರಂಭದಲ್ಲಿ ಹೀಗೆಯೇ ಇದ್ದವೆಂದು ಹುಡುಗ ವಿವರಿಸಿದ. 1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬಾಥಮ್ ಎಂಬ ಭೌತವಿಜ್ಞಾನಿ ಸಂದರ್ಶಕರ ವಿನೋದಕ್ಕಾಗಿ ಒಂದು ಪುಟ್ಟ ಟೆನಿಸ್ ಆಟವನ್ನು ಸಿದ್ಧಪಡಿಸಿದರು. 1972ರಲ್ಲಿ ಅಟಾರಿ ಸಂಸ್ಥೆಯ 'ಪಾಂಗ್', 1978ರಲ್ಲಿ ಜಪಾನಿನ 'ಸ್ಪೇಸ್ ಇನ್ವೇಡರ್ಸ್', 1980ರಲ್ಲಿ 'ಪ್ಯಾಕ್‌ಮ್ಯಾನ್' ಬಂದವು. ಇವುಗಳಲ್ಲಿ ಕಥೆಯಿಲ್ಲ, ಕೊನೆಯೆಂಬುದಿಲ್ಲ. ನಾಣ್ಯ ಹಾಕಬೇಕು, ಸೋಲುವವರೆಗೆ ಆಡಬೇಕು, ಮನೆಗೆ ಹೋಗಬೇಕು.

ತರುವಾಯ ಆಟಗಳು ದೀರ್ಘವಾದವು, ಅವುಗಳಿಗೆ ಕಥೆ ಬಂದಿತು. ಒಂದೇ ದಿನದಲ್ಲಿ ಮುಗಿಸಲಾಗದ್ದನ್ನು ನಿಂತಲ್ಲಿಗೇ ಉಳಿಸಿಟ್ಟು ಮರುದಿನ ಅಲ್ಲಿಂದಲೇ ಮುಂದುವರಿಸುವ ಸೌಕರ್ಯವನ್ನೂ ಯಂತ್ರದಲ್ಲಿ ಕಲ್ಪಿಸಿದರು. 1986ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆ ಹೊರತಂದ 'ಲೆಜೆಂಡ್ ಆಫ್ ಜೆಲ್ಡಾ' ಎಂಬ ಆಟದಲ್ಲಿ ಈ ವ್ಯವಸ್ಥೆಯಿತ್ತು. ನಾಳೆ ಮುಂದುವರಿಸಬಹುದು ಎಂಬ ಅನುಕೂಲದೊಡನೆಯೇ ನಾಳೆಗೆ ತಳ್ಳುವ ಅಭ್ಯಾಸವೂ ಬಂದಿತೆಂದು ತೋರುತ್ತದೆ. ಇಂದು 'ಜರ್ನಿ' ಎಂಬ 2012ರ ಆಟ ಎರಡು ಗಂಟೆಗಳಲ್ಲಿ ಮುಗಿಯುತ್ತದಂತೆ. ಆದರೆ ಪೋಲೆಂಡ್ ದೇಶದವರು 2015ರಲ್ಲಿ ಹೊರತಂದ 'ವಿಚರ್' ಸರಣಿಯ ಮೂರನೆಯ ಆಟದ ಮುಖ್ಯಕಥೆಯನ್ನು ಮುಗಿಸಲು ಸುಮಾರು 50 ಗಂಟೆ ಬೇಕು. ಉಪಕಥೆಗಳನ್ನೆಲ್ಲ ಮುಗಿಸಹೊರಟರೆ 150 ಗಂಟೆಗಳನ್ನೂ ಮೀರುತ್ತದೆ. ಯಾವ ಆಟಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಆಟಗಾರರೇ ವರದಿ ಮಾಡಿ ಕಲೆಹಾಕುವ 'ಹೌ ಲಾಂಗ್ ಟು ಬೀಟ್' ಎಂಬ ಸೇವೆಯೊಂದು ಇದೆ. ಮುಖ್ಯಕಥೆ ಮಾತ್ರ, ಕಥೆಯೊಡನೆ ಕೆಲವು ಉಪಕಥೆಗಳು, ಸಮಸ್ತವೂ ಎಂದು ಮೂರು ಬಗೆಯ ಲೆಕ್ಕವನ್ನು ಅದು ಕೊಡುತ್ತದೆ.

ಇಷ್ಟೊಂದು ಆಟಗಳು ರಾಶಿ ಬಿದ್ದದ್ದಾದರೂ ಹೇಗೆ? ಹಿಂದೆ ಆಟದ ಡಬ್ಬಿಯನ್ನು ಅಂಗಡಿಯಿಂದ ತರಬೇಕಾಗಿತ್ತು, ಅದನ್ನಿಡಲು ಮನೆಯಲ್ಲಿ ಸ್ಥಳ ಬೇಕಾಗಿತ್ತು. ಅಮೆರಿಕದ ವಾಲ್ವ್ ಸಂಸ್ಥೆ 2003ರಲ್ಲಿ ಆರಂಭಿಸಿದ 'ಸ್ಟೀಮ್' ಮತ್ತು ಅದರಂತಹ ಮಾರಾಟ ವ್ಯವಸ್ಥೆಗಳು ಬೆಳೆದ ಮೇಲೆ ಕುಳಿತಲ್ಲಿಯೇ ಬೆರಳೊತ್ತಿ ಕೊಳ್ಳಬಹುದಾಗಿದೆ. ಬೇಸಿಗೆಗೊಮ್ಮೆ, ಚಳಿಗಾಲಕ್ಕೊಮ್ಮೆ ಭಾರಿ ರಿಯಾಯಿತಿಯ ಮಾರಾಟ. ಸಾವಿರಾರು ರೂಪಾಯಿಯ ವಸ್ತು ನೂರಿನ್ನೂರಕ್ಕೆ ಸಿಗುವಾಗ ಬೇಕೋ ಬೇಡವೋ ಎಂಬ ವಿಚಾರ ಹಿಂದೆ ಬೀಳುತ್ತದೆ. ರಾಶಿ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಅದು ಬೆಳೆದದ್ದೂ ತಿಳಿಯುವುದಿಲ್ಲ. ಇನ್ನೊಂದು ಸಂಗತಿಯೂ ಉಂಟು. ಹೀಗೆ ಕೊಂಡ ಆಟ ನಮ್ಮ ಸ್ವತ್ತಾಗುವುದಿಲ್ಲ, ಅದನ್ನು ಬಳಸುವ ಪರವಾನಗಿ ಮಾತ್ರ ನಮ್ಮದಾಗುತ್ತದೆ. ಸ್ಟೀಮಿನ ನಿಯಮದಂತೆ ಖಾತೆಯನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. ಕೊಳ್ಳುವವರಿಗೆ ಈ ಮಾತನ್ನು ಸ್ಪಷ್ಟವಾಗಿ ತಿಳಿಸಬೇಕೆಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಕಾಯಿದೆಯನ್ನೇ ಮಾಡಿತು. ಹೊಲ ಮನೆಗಳನ್ನು ಮಕ್ಕಳಿಗೆ ಬಿಟ್ಟುಹೋಗಬಹುದು, ಈ ರಾಶಿಯನ್ನು ಹಾಗೆ ಬಿಟ್ಟುಹೋಗುವಂತೆಯೂ ಇಲ್ಲ.

ನಾನು ಲೆಕ್ಕ ಹಾಕಿಸಿದೆ. "ಮಗು, ವಾರಕ್ಕೆ ಎಷ್ಟು ಹೊತ್ತು ಆಡುತ್ತೀ?" ಎಂದು ಕೇಳಿದರೆ, ಮನೆಗೆಲಸ, ಮಗುವಿನ ಓದು ಎಲ್ಲ ಕಳೆದು ಐದು ಗಂಟೆ ಸಿಕ್ಕರೆ ಹೆಚ್ಚು ಎಂದ. ಅವನ ತಾಯಿ ಭಾವಿಸಿದ್ದಕ್ಕಿಂತ ಅದು ಎಷ್ಟೋ ಕಡಿಮೆ. ಯಂತ್ರದ ಮುಂದೆ ಕುಳಿತ ಉಳಿದ ಹೊತ್ತು ಉದ್ಯೋಗದ್ದಾಗಿತ್ತು. ಮುಗಿಯದ ಆಟಗಳು 155. ಒಂದಕ್ಕೆ ಸರಾಸರಿ 20 ಗಂಟೆಯೆಂದರೆ 3,100 ಗಂಟೆ. ವಾರಕ್ಕೆ 5 ಗಂಟೆಯಂತೆ 620 ವಾರಗಳು, ಅಂದರೆ ಹೆಚ್ಚುಕಡಿಮೆ 12 ವರ್ಷ. ನಾನು ಮಠದಲ್ಲಿ ಅಧ್ಯಯನ ಮಾಡಿದ ಕಾಲವೂ ಹನ್ನೆರಡೇ ವರ್ಷ. ಹೊಸದೊಂದನ್ನೂ ಕೊಳ್ಳದಿದ್ದರೆ ಅವನ ಮಗಳು ಪದವಿ ಓದುವ ಹೊತ್ತಿಗೆ ಪಟ್ಟಿ ಮುಗಿದೀತು. ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ದೊಡ್ಡಪ್ಪ, ಕೆಲಸದ ಒತ್ತಡ ಹೆಚ್ಚಾದ ತಿಂಗಳುಗಳಲ್ಲೇ ನಾನು ಹೆಚ್ಚು ಕೊಂಡಿದ್ದೇನೆ, ನೋಡಿ" ಎಂದು ತಾರೀಖುಗಳನ್ನು ತೋರಿಸಿದ. "ಕೊಂಡರೆ ಮುಂದೆ ಎಂದಾದರೂ ಆಡಲು ಬಿಡುವು ಸಿಗುತ್ತದೆ ಎಂದು ಮನಸ್ಸಿಗೆ ಅನಿಸುತ್ತಿತ್ತು" ಎಂದ. ಬಿಡುವಿಲ್ಲದವನು ಹಣ ಕೊಟ್ಟು ಬಿಡುವನ್ನು ಕೊಳ್ಳಲು ಯತ್ನಿಸಿದ್ದ. ಅವನ ದಣಿವು ಎಷ್ಟೆಂಬುದು ಆ ತಾರೀಖುಗಳಲ್ಲಿ ನನಗೆ ಕಂಡಿತು. ಗದರುವ ಮನಸ್ಸಾಗಲಿಲ್ಲ.

ಇಲ್ಲಿ ತಾಯಿತಂದೆಗಳಿಗೆ ಒಂದು ಮಾತು. ಆಟದ ಗೀಳು ಕೆಲವರಲ್ಲಿ ನಿಜವಾಗಿಯೂ ವ್ಯಾಧಿಯಾಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ 11ನೆಯ ಆವೃತ್ತಿ 2019ರಲ್ಲಿ ಅಂಗೀಕೃತವಾಗಿ 2022ರಿಂದ ಜಾರಿಗೆ ಬಂದಿದ್ದು, ಅದರಲ್ಲಿ ಆಟದ ವ್ಯಸನವನ್ನು ಸೇರಿಸಲಾಗಿದೆ. ಆಡುವುದರ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲ ಕಾರ್ಯಗಳಿಗಿಂತ ಆಟವೇ ಮುಖ್ಯವಾಗುವುದು, ಹಾನಿಯಾಗುತ್ತಿದ್ದರೂ ಬಿಡಲಾಗದಿರುವುದು ಅದರ ಲಕ್ಷಣಗಳು. ಸಾಮಾನ್ಯವಾಗಿ ಹನ್ನೆರಡು ತಿಂಗಳ ಕಾಲ ಇವು ಕಂಡುಬಂದಾಗ ವೈದ್ಯರು ಅದನ್ನು ವ್ಯಾಧಿಯೆಂದು ಪರಿಗಣಿಸುತ್ತಾರೆ. ಅಂತಹ ಮಕ್ಕಳಿಗೆ ವೈದ್ಯರ ನೆರವು ಬೇಕೇ ಹೊರತು ಬೈಗುಳವಲ್ಲ. ಹಣ ಪಣಕ್ಕಿಟ್ಟು ಆಡುವ ಆಟಗಳಂತೂ ಜೂಜೇ ಸರಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅವುಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ನಮ್ಮ ಹುಡುಗನದು ಈ ಎರಡೂ ಅಲ್ಲ. ಅವನನ್ನು ಕಾಡುತ್ತಿದ್ದುದು ಆಡಿದ ಆಟವಲ್ಲ, ಆಡದೆ ಉಳಿದ ಆಟ.

ಮುಗಿಯದ ಕಾರ್ಯ ಮನಸ್ಸನ್ನು ಏಕೆ ಕಾಡುತ್ತದೆ? ಬ್ಲೂಮಾ ಜೈಗಾರ್ನಿಕ್ ಎಂಬ ಮನೋವಿಜ್ಞಾನಿ ಬರ್ಲಿನ್ನಿನಲ್ಲಿ ನಡೆಸಿದ ಪ್ರಯೋಗಗಳನ್ನು 1927ರಲ್ಲಿ ಪ್ರಕಟಿಸಿದರು. ಜನರಿಗೆ ಸಣ್ಣಪುಟ್ಟ ಕೆಲಸಗಳನ್ನು ಕೊಟ್ಟು, ಕೆಲವನ್ನು ಮುಗಿಸಗೊಟ್ಟು, ಕೆಲವನ್ನು ನಡುವೆಯೇ ತಡೆದು, ಕೊನೆಗೆ ಯಾವುದು ನೆನಪಿದೆ ಎಂದು ಕೇಳಿದಾಗ ತಡೆದ ಕೆಲಸಗಳೇ ಹೆಚ್ಚು ನೆನಪಿನಲ್ಲಿದ್ದವು. ಮುಂದಿನ ಸಂಶೋಧಕರೆಲ್ಲರಿಗೂ ಇದೇ ಫಲ ದೊರೆಯಲಿಲ್ಲವಾದರೂ ಅನುಭವ ಮಾತ್ರ ನಮ್ಮೆಲ್ಲರದು. 2011ರಲ್ಲಿ ಮ್ಯಾಸಿಕ್ಯಾಂಪೊ ಮತ್ತು ಬಾಮೈಸ್ಟರ್ ಎಂಬ ಅಮೆರಿಕದ ವಿದ್ವಾಂಸರು ಇನ್ನೂ ಉಪಯುಕ್ತವಾದ ಸಂಗತಿಯನ್ನು ತೋರಿಸಿದರು. ಉಳಿದ ಕೆಲಸವನ್ನು ಎಂದು, ಎಲ್ಲಿ, ಹೇಗೆ ಮಾಡುವುದೆಂದು ನಿಶ್ಚಿತವಾಗಿ ಯೋಜಿಸಿಕೊಂಡರೆ, ಕೆಲಸ ಇನ್ನೂ ಮುಗಿಯದಿದ್ದರೂ ಅದರ ಕಾಟ ಮನಸ್ಸಿಗೆ ತಗ್ಗುತ್ತದೆ. ಪಟ್ಟಿಯ ಪ್ರಯೋಜನ ಇದೇ. ಆದರೆ ಬರಿಯ ಹೆಸರುಗಳ ಪಟ್ಟಿ ಸಾಲದು. ಯಾವುದು ಮೊದಲು, ಯಾವಾಗ ಎಂಬ ನಿರ್ಧಾರ ಅದರಲ್ಲಿರಬೇಕು.

ನಾನು ಅವನಿಗೆ ಮಠದ ದಾಸೋಹದ ಪಂಕ್ತಿಯನ್ನು ನೆನಪಿಸಿದೆ. ಅಲ್ಲಿ ತಟ್ಟೆಯಲ್ಲಿ ಒಂದಗುಳನ್ನೂ ಉಳಿಸುವಂತಿಲ್ಲ. ಪ್ರಸಾದ ಮುಗಿದ ಮೇಲೆ ತಟ್ಟೆ ತೊಳೆದ ನೀರನ್ನೂ ಕುಡಿಯುವ ಹಿರಿಯರನ್ನು ನಾನು ಕಂಡಿದ್ದೇನೆ. "ಹಾಗೆಯೇ ನೀನೂ ತೆಗೆದುಕೊಂಡದ್ದನ್ನು ಮುಗಿಸು" ಎಂದೆ. ಹುಡುಗ ವಿನಯದಿಂದಲೇ ಪ್ರಶ್ನಿಸಿದ: "ದೊಡ್ಡಪ್ಪ, ಇವುಗಳಲ್ಲಿ ಅರ್ಧದಷ್ಟು ಆಟಗಳು ನನಗೆ ಈಗ ರುಚಿಸುವುದೇ ಇಲ್ಲ. ಹಣ ಕೊಟ್ಟೆನೆಂಬ ಒಂದೇ ಕಾರಣಕ್ಕೆ ನೂರಾರು ಗಂಟೆಗಳನ್ನೂ ಅದಕ್ಕೆ ಸುರಿಯಬೇಕೇ?" ನಾನು ತಕ್ಷಣ ಉತ್ತರ ಕೊಡಲಾರದೆ ಹೋದೆ.

ಆ ರಾತ್ರಿ ಯೋಚಿಸಿದಾಗ ತಿಳಿಯಿತು, ಪಂಕ್ತಿಯ ನಿಯಮವನ್ನು ನಾನು ಅರ್ಧ ಮಾತ್ರ ಹೇಳಿದ್ದೆ. ಬಡಿಸುವವರು ಬಂದಾಗ ಬೇಕಾದಷ್ಟನ್ನೇ ಹಾಕಿಸಿಕೊಳ್ಳಬೇಕೆಂಬುದು ಅದರ ಮೊದಲರ್ಧ. ಉಳಿಸಬಾರದೆಂಬ ಕಟ್ಟಳೆಯ ತಿರುಳಿರುವುದು ತೆಗೆದುಕೊಳ್ಳುವ ಗಳಿಗೆಯ ಎಚ್ಚರದಲ್ಲಿ. ಆಯ್ದಕ್ಕಿ ಮಾರಯ್ಯ ಶರಣರ ಕಥೆ ನಮಗೆಲ್ಲ ತಿಳಿದದ್ದು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಪತ್ನಿ ಲಕ್ಕಮ್ಮನವರು ಇದು ನಮಗೆ ಸಲ್ಲದ ಆಸೆ ಎಂದು ತಿಳಿಹೇಳಿ ಹೆಚ್ಚಿನದನ್ನು ತಂದಲ್ಲಿಯೇ ಸುರಿದುಬರಲು ಕಳುಹಿಸಿದರು. ಹೇಗೂ ತಂದಾಗಿದೆ, ಬೇಯಿಸಿ ಉಂಡುಬಿಡೋಣ ಎಂದು ಆ ತಾಯಿ ಹೇಳಲಿಲ್ಲ. ಹೆಚ್ಚಾದದ್ದನ್ನು ಮುಗಿಸಲು ಹೆಣಗುವುದಕ್ಕಿಂತ ಹೆಚ್ಚಾಯಿತೆಂದು ಒಪ್ಪಿ ಬಿಡುವುದು ಮೇಲು.

ಅರ್ಥಶಾಸ್ತ್ರಜ್ಞರೂ ಈ ಮಾತನ್ನು ತಮ್ಮ ರೀತಿಯಲ್ಲಿ ಹೇಳುತ್ತಾರೆ. ಮರಳಿ ಬಾರದ ವೆಚ್ಚವು ಮುಂದಿನ ತೀರ್ಮಾನವನ್ನು ಆಳಬಾರದು ಎಂಬುದು ಅವರ ಸೂತ್ರ. ಆದರೆ ಮನುಷ್ಯಸ್ವಭಾವ ಹಾಗಿಲ್ಲ. ಆರ್ಕೀಸ್ ಮತ್ತು ಬ್ಲೂಮರ್ ಎಂಬವರು 1985ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ನಾಟಕಗಳ ವಾರ್ಷಿಕ ಟಿಕೆಟನ್ನು ಕೆಲವರಿಗೆ ಪೂರ್ಣ ದರದಲ್ಲಿಯೂ ಕೆಲವರಿಗೆ ರಿಯಾಯಿತಿಯಲ್ಲಿಯೂ ಕೊಡಲಾಯಿತು. ನಾಟಕಗಳು ಎಲ್ಲರಿಗೂ ಅವೇ ಆಗಿದ್ದರೂ, ಮೊದಲ ಅರ್ಧವರ್ಷದಲ್ಲಿ ಪೂರ್ಣ ದರ ತೆತ್ತವರೇ ಹೆಚ್ಚು ಪ್ರಯೋಗಗಳಿಗೆ ಹೋದರು. ತೆತ್ತ ಹಣ ಅವರನ್ನು ಎಳೆದೊಯ್ಯಿತು. ಹೋದ ಹಣದ ಹಿಂದೆ ಹೊತ್ತನ್ನೂ ಕಳುಹಿಸಿದರೆ ನಷ್ಟ ಎರಡಾಗುತ್ತದೆ.

ಮರುದಿನ ನಾವಿಬ್ಬರೂ ಕೂಡಿ ಪಟ್ಟಿಗೆ ಒಂದು ಕ್ರಮವನ್ನು ಮಾಡಿದೆವು. ಅದು ಆಟಗಳಿಗೆ ಮಾತ್ರವಲ್ಲದೆ ಓದದ ಪುಸ್ತಕ, ಹೊಲಿಯದ ಬಟ್ಟೆ, ಕಲಿಯದೆ ಬಿಟ್ಟ ವಾದ್ಯಗಳಿಗೂ ಅನ್ವಯಿಸುವಂತಹುದಾದ್ದರಿಂದ ಇಲ್ಲಿ ಬರೆಯುತ್ತೇನೆ.

ಮೊದಲನೆಯದಾಗಿ, ಎಲ್ಲವೂ ಒಂದೇ ಕಡೆ ಬರೆದಿರಬೇಕು. ಇವನ ಆಟಗಳು ಕಂಪ್ಯೂಟರಿನಲ್ಲಿ ಕೆಲವು, ದೂರದರ್ಶನಕ್ಕೆ ಜೋಡಿಸುವ ಯಂತ್ರದಲ್ಲಿ ಕೆಲವು, ದೂರವಾಣಿಯಲ್ಲಿ ಕೆಲವು ಚದುರಿಹೋಗಿದ್ದವು. ಹೆಸರು, ಯಾವ ಯಂತ್ರದಲ್ಲಿದೆ, ಕೊಂಡ ತಾರೀಖು, ಬೇಕಾಗುವ ಗಂಟೆ, ಈಗಿನ ಸ್ಥಿತಿ, ಇಷ್ಟು ಸಾಕು. ಇದಕ್ಕೂ ಹೆಚ್ಚಿನ ಅಂಕಣಗಳನ್ನು ಹಾಕಿದರೆ ಪಟ್ಟಿಯನ್ನು ಸಾಕುವುದೇ ಇನ್ನೊಂದು ಮುಗಿಯದ ಕೆಲಸವಾಗುತ್ತದೆ.

ಎರಡನೆಯದಾಗಿ, ಸ್ಥಿತಿಯನ್ನು ಖಚಿತವಾಗಿ ಹೇಳಬೇಕು. ಮುಟ್ಟದ್ದು, ನಡೆಯುತ್ತಿರುವುದು, ಮುಗಿದದ್ದು, ಬಿಟ್ಟದ್ದು ಎಂದು ನಾಲ್ಕು ವರ್ಗ. 'ಬಿಟ್ಟದ್ದು' ಎಂಬುದಕ್ಕೆ ಸೋಲಿನ ಕಳಂಕ ಇರಕೂಡದು. ನೋಡಿ, ತೂಗಿ, ಬೇಡವೆಂದು ತೀರ್ಮಾನಿಸಿದ್ದು ಎಂದಷ್ಟೇ ಅದರ ಅರ್ಥ. 'ಮುಗಿದದ್ದು' ಎಂದರೇನೆಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಮುಖ್ಯಕಥೆ ಮುಗಿದರೆ ಮುಗಿಯಿತೆಂದು ಹುಡುಗ ನಿಶ್ಚಯಿಸಿದ.

ಮೂರನೆಯದಾಗಿ, ಏಕಕಾಲಕ್ಕೆ ಕೈಯಲ್ಲಿ ಎರಡಕ್ಕಿಂತ ಹೆಚ್ಚು ಇರಬಾರದು, ದೀರ್ಘವಾದದ್ದು ಒಂದು, ಚಿಕ್ಕದು ಒಂದು. ದಣಿದ ದಿನಕ್ಕೆ ಚಿಕ್ಕದು, ಬಿಡುವಿನ ದಿನಕ್ಕೆ ದೊಡ್ಡದು.

ನಾಲ್ಕನೆಯದಾಗಿ, ಪ್ರತಿಸಲ ನಿಲ್ಲಿಸುವಾಗ ಎಲ್ಲಿ ನಿಂತೆ, ಮುಂದೇನು ಮಾಡಬೇಕು ಎಂಬ ಒಂದು ಸಾಲಿನ ಷರಾ ಬರೆಯಬೇಕು. ಅರ್ಧಕ್ಕೆ ಬಿಟ್ಟ 44 ಆಟಗಳಲ್ಲಿ ಹೆಚ್ಚಿನವು ನಿಂತದ್ದು ಬೇಸರದಿಂದಲ್ಲ. ತಿಂಗಳಾದ ಮೇಲೆ ತೆರೆದರೆ ಎಲ್ಲಿದ್ದೆ, ಏಕೆ ಹೊರಟಿದ್ದೆ ಎಂಬುದೇ ಮರೆತುಹೋಗಿ ಮುಂದುವರಿಸಲಾಗದೆ ನಿಂತವು ಅವು.

ಐದನೆಯದಾಗಿ, ಎರಡು ಹೊರಹೋಗದೆ ಒಂದು ಒಳಬರಕೂಡದು. ಬೇಕೆನಿಸಿದ್ದನ್ನು ಕೊಳ್ಳದೆ ಬೇರೊಂದು ಹಾಳೆಯಲ್ಲಿ ಬರೆದಿಟ್ಟು ಮೂರು ತಿಂಗಳು ಕಾಯುವುದು. ಆಮೇಲೂ ಬೇಕೆನಿಸಿದರೆ ಕೊಳ್ಳಲಿ. ರಿಯಾಯಿತಿ ಈ ವರ್ಷ ತಪ್ಪಿದರೆ ಮುಂದಿನ ವರ್ಷ ಬಂದೇ ಬರುತ್ತದೆ.

ಪಟ್ಟಿ ಮಾಡುವವರೊಡನೆ ನನಗೆ ಸಲಿಗೆಯೆಂದು ಆಗಲೇ ಹೇಳಿದೆನಷ್ಟೆ. ಮಠದ ವಿದ್ಯಾರ್ಥಿಯಾಗಿದ್ದಾಗ ನನಗೆ ವಹಿಸಿದ ಕೆಲಸಗಳಲ್ಲಿ ಓಲೆಗರಿಯ ಕಟ್ಟುಗಳ ದಾಖಲೆಯೂ ಒಂದು. ಕಟ್ಟಿನ ಸಂಖ್ಯೆ, ಗ್ರಂಥದ ಹೆಸರು, ಗರಿಗಳ ಎಣಿಕೆ, ಕೊನೆಯಲ್ಲಿ ಸಮಗ್ರ ಅಥವಾ ಅಸಮಗ್ರ ಎಂಬ ಷರಾ. ಅಸಮಗ್ರ ಎಂದು ಬರೆಯುವಾಗ ನನಗೆ ಏನೋ ಕೊರತೆಯೆನಿಸುತ್ತಿತ್ತು. ಅದನ್ನು ಗಮನಿಸಿದ ಪೂಜ್ಯರು, ಅಸಮಗ್ರವೆಂದು ದಾಖಲಾದ ಕಟ್ಟನ್ನು ಮುಂದೊಬ್ಬನು ಹುಡುಕಿ ಪೂರ್ಣಗೊಳಿಸಬಲ್ಲನು, ದಾಖಲಾಗದ್ದು ಗೆದ್ದಲಿನ ಪಾಲು ಎಂದು ಹೇಳಿದ್ದರು. ಫ. ಗು. ಹಳಕಟ್ಟಿಯವರ (1880–1964) ಬಾಳೇ ಇದಕ್ಕೆ ನಿದರ್ಶನ. ಮನೆ ಮನೆ ಅಲೆದು ಓಲೆಗರಿಗಳನ್ನು ಸಂಗ್ರಹಿಸಿ ಅವರು 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದರು. ಒಬ್ಬರ ಆಯುಷ್ಯದಲ್ಲಿ ಮುಗಿಯುವ ಕೆಲಸ ಅದಾಗಿರಲಿಲ್ಲ. ಎಪ್ಪತ್ತು ವರ್ಷಗಳ ತರುವಾಯ, 1993ರಲ್ಲಿ, ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟಗಳು ಬಂದವು. ಅಪೂರ್ಣವಾದರೂ ಕ್ರಮಬದ್ಧವಾಗಿ ಇಟ್ಟದ್ದರಿಂದಲೇ ಮುಂದಿನವರ ಕೈಗೆ ಅದು ಸಿಕ್ಕಿತು.

ಊರಿಗೆ ಮರಳಿದ ಮೇಲೆ ನನಗೆ ನೆಮ್ಮದಿಯಿರಲಿಲ್ಲ. ಹುಡುಗನಿಗೆ ಇಷ್ಟೆಲ್ಲ ಹೇಳಿದ ನನ್ನ ಕಪಾಟಿನಲ್ಲಿ ಏನಿದೆ? ಶ್ರಾವಣದ ಮೊದಲ ಸೋಮವಾರ ಪೂಜೆಯಾದ ಮೇಲೆ ಕಪಾಟನ್ನು ತೆರೆದು ನಾನೂ ಪಟ್ಟಿಗೆ ಕುಳಿತೆ. ಆರಂಭಿಸಿ ಬಿಟ್ಟ ಲೇಖನಗಳು, ಒಪ್ಪಿಕೊಂಡು ಬರೆಯದ ಮುನ್ನುಡಿಗಳು, ಅರ್ಧ ತಿದ್ದಿದ ಕರಡುಗಳು, ಎಲ್ಲ ಸೇರಿ 23. ತಳದಲ್ಲಿ ಕೆಂಪು ವಸ್ತ್ರದಲ್ಲಿ ಸುತ್ತಿದ ನಾಲ್ಕು ನೋಟು ಪುಸ್ತಕಗಳಿದ್ದವು. ಪೂಜ್ಯರು ಷಟ್‌ಸ್ಥಲದ ಮೇಲೆ ಕೊಟ್ಟ ಪಾಠಗಳನ್ನು ನಾನು ಕೈಯಾರೆ ಬರೆದುಕೊಂಡವು. ಅವರು ಲಿಂಗೈಕ್ಯರಾಗುವ ಮುನ್ನ, "ಇದನ್ನು ಶುದ್ಧ ಪ್ರತಿ ಮಾಡಿ ನಾಲ್ಕು ಜನರಿಗೆ ದೊರೆಯುವಂತೆ ಮಾಡು" ಎಂದಿದ್ದರು, ನಾನು ಆಗಲಿ ಎಂದಿದ್ದೆ. ಅದಾಗಿ ಮೂವತ್ತು ವರ್ಷಗಳು ಸಂದವು. ಒಂದೂವರೆ ಪುಸ್ತಕ ಶುದ್ಧ ಪ್ರತಿಯಾಗಿತ್ತು. ಮೂರನೆಯದರ ಅಂಚನ್ನು ಹುಳು ತಿಂದಿತ್ತು. ಕೆಲವು ಸಾಲುಗಳ ಕೊನೆಯ ಅಕ್ಷರಗಳು ಹೋಗಿದ್ದವು. ಅವು ಏನಿದ್ದವೆಂದು ಕೇಳೋಣವೆಂದರೆ ಜೊತೆಯಲ್ಲಿ ಪಾಠ ಕೇಳಿದವರಲ್ಲಿ ಇಂದು ಉಳಿದವರು ಇಬ್ಬರೇ.

ಹುಡುಗನಿಗೂ ನನಗೂ ಇರುವ ಅಂತರ ಆಗ ತಿಳಿಯಿತು. ಆಟವನ್ನು ಅವನು ಬಿಡಬಹುದು. ಅದರಿಂದ ಯಾರಿಗೂ ಮಾತು ತಪ್ಪಿದಂತಾಗುವುದಿಲ್ಲ. ಕೊಟ್ಟ ಮಾತನ್ನು ಹಾಗೆ ಬಿಡುವ ಸ್ವಾತಂತ್ರ್ಯ ನನಗಿರಲಿಲ್ಲ. ಆದರೂ ಮೂವತ್ತು ವರ್ಷ ಅದೂ ಇದೂ ಒಂದೇ ಕಪಾಟಿನಲ್ಲಿ, ಒಂದೇ ಧೂಳಿನಡಿಯಲ್ಲಿದ್ದವು. ಬಿಡಬಹುದಾದ ನೂರು ಕೆಲಸಗಳ ನಡುವೆ ಬಿಡಬಾರದ ಒಂದು ಕೆಲಸ ಮರೆಯಾಗಿತ್ತು. ಪಟ್ಟಿ ಮಾಡಿ ಬಿಡುವಂತಹುದನ್ನು ಬಿಟ್ಟಾಗಲೇ ಬಿಡಬಾರದ್ದು ಕಣ್ಣಿಗೆ ಬಿದ್ದಿತು. ನನ್ನ 23ರಲ್ಲಿ ಒಂಬತ್ತನ್ನು ಹೊಡೆದುಹಾಕಿದೆ. ಆರನ್ನು ಕಿರಿಯ ವಿದ್ವಾಂಸರಿಗೆ ಟಿಪ್ಪಣಿಗಳ ಸಹಿತ ಒಪ್ಪಿಸಿದೆ. ಮುನ್ನುಡಿಗಾಗಿ ಕಾದಿದ್ದ ಇಬ್ಬರಿಗೆ ಕಾಗದ ಬರೆದು ಕ್ಷಮೆ ಯಾಚಿಸಿದೆ. ಉಳಿದ ಎಂಟರಲ್ಲಿ ಮೊದಲನೆಯದು ಆ ನೋಟು ಪುಸ್ತಕಗಳು. ದಿನಕ್ಕೆ ಎರಡು ಪುಟ, ಬೆಳಗಿನ ಪೂಜೆಯ ನಂತರ. ಎದ್ದೇಳುವಾಗ ಎಲ್ಲಿ ನಿಂತೆನೆಂಬ ಒಂದು ಸಾಲಿನ ಷರಾ. ಈ ಕೊನೆಯ ಪಾಠವನ್ನು ನಾನು ಕಲಿತದ್ದು ಹುಡುಗನ ಆಟದ ಪಟ್ಟಿಯಿಂದ.

ಈ ಲೇಖನವನ್ನು ಬರೆಯುವ ಹೊತ್ತಿಗೆ ಎರಡನೆಯ ಪುಸ್ತಕ ಪೂರ್ಣವಾಗಿ, ಹುಳು ತಿಂದ ಮೂರನೆಯದನ್ನು ಹಿಡಿದಿದ್ದೇನೆ. ಸಹಪಾಠಿಗಳಿಬ್ಬರಲ್ಲಿ ಒಬ್ಬರನ್ನು ಕಂಡುಬಂದೆ. ಕೆಲವು ಸಾಲುಗಳು ಅವರ ನೆನಪಿನಲ್ಲಿದ್ದವು. ಸಿಗದವುಗಳ ಸ್ಥಳವನ್ನು ಖಾಲಿ ಬಿಟ್ಟು ಲುಪ್ತವೆಂದು ಗುರುತು ಹಾಕುತ್ತಿದ್ದೇನೆ, ಊಹಿಸಿ ತುಂಬುತ್ತಿಲ್ಲ. ಹುಡುಗ ತನ್ನ 155ರಲ್ಲಿ 90ನ್ನು ಬಿಟ್ಟದ್ದು ಎಂದು ಬರೆದ. ಆರು ತಿಂಗಳಲ್ಲಿ ಮುಗಿಸಿದವು ನಾಲ್ಕು, ಕೊಂಡದ್ದು ಒಂದು. ಮುಗಿಸಿದ ನಾಲ್ಕರಲ್ಲಿ ಒಂದನ್ನು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಡಿದನಂತೆ. ಮೊನ್ನೆ ಅವನ ತಾಯಿ ದೂರವಾಣಿಯಲ್ಲಿ, "ಈಗಲೂ ಆಡುತ್ತಾನೆ, ಭಾವನವರೇ. ಆದರೆ ಹತ್ತು ಗಂಟೆಗೆ ಎದ್ದು ಮಲಗುತ್ತಾನೆ" ಎಂದರು. ಪ್ರತಿ ತಿಂಗಳ ಮೊದಲ ಸೋಮವಾರ ಅವನೂ ನಾನೂ ನಮ್ಮ ನಮ್ಮ ಪಟ್ಟಿಗಳ ವರದಿಯನ್ನು ಪರಸ್ಪರ ಒಪ್ಪಿಸುತ್ತೇವೆ. ಎರಡು ಸೋಮವಾರಗಳಲ್ಲಿ ನನ್ನ ವರದಿಯೇ ಹಿಂದೆ ಬಿದ್ದಿತ್ತು. "ಪರವಾಗಿಲ್ಲ ದೊಡ್ಡಪ್ಪ, ಷರಾ ಬರೆದಿದ್ದೀರಷ್ಟೆ?" ಎಂದು ಅವನೇ ಧೈರ್ಯ ಹೇಳಿದ.

ಓದುಗ ಬಂಧುಗಳೇ, ಈ ತಿಂಗಳು ಮನೆಯವರೆಲ್ಲ ಒಂದು ಸಂಜೆ ಒಟ್ಟಿಗೆ ಕುಳಿತು ಅವರವರ ಮುಗಿಯದ ಕೆಲಸಗಳ ಪಟ್ಟಿಯನ್ನು ಬರೆಯಿರಿ. ಮಕ್ಕಳ ಪಟ್ಟಿಯಲ್ಲಿ ಆಟಗಳಿದ್ದರೆ ನಗಬೇಡಿರಿ. ಹಿರಿಯರ ಪಟ್ಟಿಯಲ್ಲಿ ಹಳೆಯ ಮಾತುಗಳಿದ್ದರೆ ಮಕ್ಕಳೂ ಓದಲಿ. ಬಿಡುವಂತಹುದನ್ನು ಸಂಕೋಚವಿಲ್ಲದೆ ಬಿಡಿರಿ, ಒಪ್ಪಿಸುವಂತಹುದನ್ನು ಯೋಗ್ಯರಿಗೆ ಒಪ್ಪಿಸಿರಿ. ಯಾರಿಗಾದರೂ ಮಾತು ಕೊಟ್ಟು ಉಳಿಸಿದ್ದು ಇದ್ದರೆ, ಆ ವ್ಯಕ್ತಿ ಇನ್ನೂ ನಮ್ಮ ನಡುವೆ ಇರುವಾಗಲೇ ಅದನ್ನು ಮೊದಲು ಕೈಗೆತ್ತಿಕೊಳ್ಳಿರಿ. ನನಗೆ ಆ ಭಾಗ್ಯ ತಪ್ಪಿತು, ನಿಮಗೆ ತಪ್ಪದಿರಲಿ.